ಅಂಗಳದ ನೆರಳು

ಕರ್ನಾಟಕದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ ಬೇಸಿಗೆಯ ಬಿಡುವು. ಮಾರ್ಚಿಯಲ್ಲಿ ನಾಲಗೆಯ ತುದಿಯಲ್ಲಿದ್ದ ಮಗ್ಗಿ ಜೂನಿನಲ್ಲಿ ತೊದಲುವುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಅನುಕೂಲವಂತರ ಮಕ್ಕಳಿಗೆ ಪುಸ್ತಕವುಂಟು, ಪ್ರವಾಸವುಂಟು, ಶಿಬಿರವುಂಟು. ಇವಾವುವೂ ಇಲ್ಲದ ಮನೆಯ ಹಿರಿಯರು, ತಮ್ಮಿಂದ ಏನನ್ನೂ ಕಲಿಸಲಾಗದೆಂದು ಕೈಚೆಲ್ಲುತ್ತಾರೆ; ಇಲ್ಲವೆ ಹತ್ತು ಪುಟ ನಕಲು ಬರೆಯೆಂದು ಗದರಿಸಿ ಮಗುವನ್ನು ಮೂಲೆಯಲ್ಲಿ ಕೂರಿಸುತ್ತಾರೆ. ಅದರಿಂದ ಬೆರಳು ದಣಿಯುವುದೇ ಹೊರತು ಬುದ್ಧಿ ಬೆಳೆಯದು.

ಕಲಿಕೆಯ ಸಾಮಗ್ರಿ ಅಂಗಳದಲ್ಲಿಯೇ ಇದೆ: ಒಂದು ಕೋಲು, ಒಂದು ಅಳತೆಪಟ್ಟಿ, ಬೇಕಾದಷ್ಟು ಬಿಸಿಲು. ಸಮನಾದ ನೆಲದಲ್ಲಿ ಮೊಳದುದ್ದದ ಕೋಲನ್ನು ನೆಡಬೇಕು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಕೋಲು ಓರೆಯಾಗಿದೆಯೋ ಇಲ್ಲವೋ ತಿಳಿಯುತ್ತದೆ. ಬೆಳಗ್ಗೆ ಪಡುವಣಕ್ಕೆ ಉದ್ದವಾಗಿ ಚಾಚಿದ ನೆರಳು ಹೊತ್ತೇರಿದಂತೆ ಕುಗ್ಗುತ್ತದೆ. 12 ಗಂಟೆಯಿಂದ ಐದೈದು ನಿಮಿಷಕ್ಕೊಮ್ಮೆ ಅದರ ತುದಿಗೆ ಗುರುತಿಡಬೇಕು. ತಲೆಗೊಂದು ವಸ್ತ್ರ ಸುತ್ತಿಕೊಳ್ಳುವುದು ಒಳ್ಳೆಯದು! ನೆರಳು ಅತ್ಯಂತ ಗಿಡ್ಡದಾದ ಕ್ಷಣವೇ ಆ ಊರಿನ ನಿಜವಾದ ನಡುಹಗಲು. ಅದು ಗಡಿಯಾರದ 12 ಗಂಟೆಯೊಡನೆ ಕೂಡಿಬರುವುದಿಲ್ಲ. ಭಾರತದ ಗಡಿಯಾರಗಳೆಲ್ಲ 82½ ಡಿಗ್ರಿ ಪೂರ್ವ ರೇಖಾಂಶದ ಹೊತ್ತನ್ನು ತೋರಿಸುತ್ತವೆ. ಬೆಂಗಳೂರು ಅದಕ್ಕೆ ಸುಮಾರು 5 ಡಿಗ್ರಿ ಪಶ್ಚಿಮದಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ ಅಲ್ಲಿ ನಡುಹಗಲು 20 ನಿಮಿಷದಷ್ಟು ತಡ. ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಿದ ರೇಖಾಂಶ ಹೀಗೆ ಮಣ್ಣಿನ ಮೇಲೆ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ವಿಸ್ಮಯವೂ ರಜೆಯಲ್ಲಿಯೇ ಕಾದಿದೆ. ದಿನದಿನಕ್ಕೆ ಮೋಟಾಗುವ ನಡುಹಗಲಿನ ನೆರಳು ಒಂದು ದಿನ ಇಲ್ಲವೇ ಆಗುತ್ತದೆ. ಅಂದು ಸೂರ್ಯ ನೆತ್ತಿಯ ನೇರಕ್ಕಿರುತ್ತಾನೆ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24ರ ಸುಮಾರಿಗೆ, ಹುಬ್ಬಳ್ಳಿಯಲ್ಲಿ ಮೇ ಮೊದಲ ವಾರದಲ್ಲಿ, ಬೀದರಿನಲ್ಲಿ ಎರಡನೆಯ ವಾರದಲ್ಲಿ. ಮಳೆಗಾಲದಲ್ಲಿಯೂ ಇಂಥ ದಿನ ಮರಳಿ ಬರುತ್ತದೆ, ಆದರೆ ಮೋಡದ ಮರೆಯಿಂದ ಕಾಣುವುದು ಕಷ್ಟ. ಸೋದರಮಾವನ ಊರಿನಲ್ಲಿರುವ ಮಗು ಅಳೆದ ನೆರಳನ್ನು ದೂರವಾಣಿಯಲ್ಲಿ ಕೇಳಿ ಹೋಲಿಸಿದರೆ ಭೂಮಿ ದುಂಡಗಿರುವುದರ ಸುಳಿವು ಸಿಗುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟೋಸ್ತನೀಸನು ಎರಡು ಊರುಗಳ ನೆರಳಿನ ವ್ಯತ್ಯಾಸದಿಂದಲೇ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ್ದನು.

ಅಕ್ಷರ ಬಾರದ ಅಜ್ಜಿ ಸಂಡಿಗೆಯನ್ನು ಹರಡುವ ಮೊದಲೇ ಗೋಡೆಯ ನೆರಳು ಎಲ್ಲಿಗೆ ಸರಿದೀತೆಂದು ಬಲ್ಲಳು. ಕೆಲವರು ಇದನ್ನು ವಿದ್ಯೆಯೆಂದು ಒಪ್ಪುವುದಿಲ್ಲ. ಮಗು ಆಕೆಯ ಅಂದಾಜನ್ನು ಒಂದು ಕಡೆ, ತನ್ನ ಅಳತೆಯನ್ನು ಇನ್ನೊಂದು ಕಡೆ ಬರೆದಿಡಲಿ. ಶಾಲೆ ತೆರೆಯುವ ವೇಳೆಗೆ ನಡುಹಗಲಿನ ನೆರಳು ಉತ್ತರವನ್ನು ಬಿಟ್ಟು ದಕ್ಷಿಣಕ್ಕೆ ಹೊರಳಿರುತ್ತದೆ. ಮುಂಗಾರಿನ ಮೋಡ ಕವಿಯುವವರೆಗೂ ಅದನ್ನು ಅಳೆಯಬಹುದು.