ಬೇರು ನೋಡಿ ಸಸಿ ಕೊಳ್ಳಿ

ಜೂನ್ ತಿಂಗಳು ಬಂತೆಂದರೆ ಕುವೆಂಪುನಗರದ ನಮ್ಮ ಕುಟುಂಬಗಳಿಂದ ಒಂದು ಪ್ರಶ್ನೆ ಬರುತ್ತದೆ. ತೀರಿಕೊಂಡ ತಂದೆ ತಾಯಿಯ ಹೆಸರಿನಲ್ಲಿ ಗಿಡ ನೆಟ್ಟರೆ ಅದು ಸದಕಾ ಜಾರಿಯಾ ಆಗುತ್ತದೆಯೇ? ಆಗುತ್ತದೆ, ಇನ್ಶಾ ಅಲ್ಲಾಹ್. ಒಬ್ಬ ಮುಸ್ಲಿಮ್ ನೆಟ್ಟ ಗಿಡದಿಂದ ಮನುಷ್ಯ, ಹಕ್ಕಿ, ಪ್ರಾಣಿ ಯಾವುದು ತಿಂದರೂ ಅದು ಅವನ ಪಾಲಿಗೆ ಸದಕಾ ಎಂಬ ಅರ್ಥದ ಹದೀಸ್ ಅನಸ್(ರ)ರಿಂದ ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಆದರೆ ಗಮನಿಸಿ, ಅಲ್ಲಿ ತಿನ್ನುವ ಮಾತಿದೆ. ತಿನ್ನಬೇಕಾದರೆ ಗಿಡ ಬದುಕಿರಬೇಕು. ನೆಟ್ಟು, ಫೋಟೊ ತೆಗೆಸಿ, ಎರಡು ತಿಂಗಳಲ್ಲಿ ಒಣಗಿದ ಕಡ್ಡಿ ಕಿತ್ತೆಸೆದರೆ ನಿಯ್ಯತ್ತಿನ ಪ್ರತಿಫಲ ಅಲ್ಲಾಹನ ಬಳಿ ಇದೆ, ನೆರಳು ಮಾತ್ರ ಇಲ್ಲ. ಅದಕ್ಕಾಗಿಯೇ ಖುತ್ಬಾದಲ್ಲಿ ಈ ಬಾರಿ ನೆಡುವುದರ ಪುಣ್ಯಕ್ಕಿಂತ ಸಸಿ ಆರಿಸಿ ಕೊಳ್ಳುವ ಬಗೆಯನ್ನೇ ಹೆಚ್ಚು ಹೇಳಿದೆವು.

ಸಲ್ಮಾನ್ ಫಾರಿಸಿ(ರ)ರ ಬಿಡುಗಡೆಯ ಘಟನೆ ಮುಸ್ನದ್ ಅಹ್ಮದ್‌ನಲ್ಲಿದೆ. ಗುಲಾಮರಾಗಿದ್ದ ಅವರನ್ನು ಬಿಡಲು ಯಜಮಾನ ಕೇಳಿದ್ದು 300 ಖರ್ಜೂರದ ಸಸಿ ನೆಟ್ಟುಕೊಡುವುದನ್ನು ಮತ್ತು 40 ಊಕಿಯಾ ತೂಕದ ಸಂಪತ್ತನ್ನು. ಸಹಾಬಿಗಳು ಒಬ್ಬರು 30, ಇನ್ನೊಬ್ಬರು 20, ಮತ್ತೊಬ್ಬರು 15 ಎಂದು ತಮ್ಮ ತಮ್ಮ ಶಕ್ತಿಯಷ್ಟು ಸಸಿ ಕೂಡಿಸಿದರು. ಪ್ರವಾದಿ(ಸ)ರು ಸಲ್ಮಾನರಿಗೆ ಮೊದಲು ಹೇಳಿದ್ದು, ಹೋಗಿ ಗುಂಡಿ ತೋಡಿ, ಮುಗಿದ ಮೇಲೆ ನನಗೆ ತಿಳಿಸು ಎಂಬ ಅರ್ಥದ ಮಾತು. ಬಳಿಕ ತಾವೇ ಬಂದು ಕೈಯಾರೆ ನೆಟ್ಟರು. ಒಂದು ಸಸಿಯೂ ಸಾಯಲಿಲ್ಲ.

ಅದು ಪ್ರವಾದಿಯವರ(ಸ) ಕೈಯ ಬರಕತ್, ಅದರಲ್ಲಿ ಸಂಶಯವಿಲ್ಲ. ಜೊತೆಗೆ ತೋಟದ ಕೆಲಸದ ಕ್ರಮವೂ ಅದರಲ್ಲಿದೆ. ಖರ್ಜೂರದ ‘ಫಸೀಲ’ ಎಂದರೆ ತಾಯಿಮರದ ಬುಡದಿಂದ ಬಿಡಿಸಿ ತೆಗೆದ ಮರಿ, ನಮ್ಮ ಬಾಳೆಕಂದಿನ ಹಾಗೆ. ಅದರ ಬೇರಿಗೆ ಮಣ್ಣಿನ ಹೊದಿಕೆ ಇರುವುದಿಲ್ಲ. ನೀರು ಹೀರುವುದು ಕೂದಲಿನಂಥ ಸಣ್ಣ ಬೇರುಗಳು, ಗಾಳಿಗೆ ಬಿದ್ದ ಕೂಡಲೇ ಮೊದಲು ಒಣಗುವುದೂ ಅವೇ. ಗುಂಡಿ ಸಿದ್ಧವಿದ್ದರೆ ಸಸಿ ಕಾಯಬೇಕಾಗಿಲ್ಲ. ನಾವೋ ಸಸಿಯನ್ನು ಮನೆಗೆ ತಂದ ಮೇಲೆ ಹಾರೆ ಯಾರ ಮನೆಯಲ್ಲಿದೆ ಎಂದು ಹುಡುಕುತ್ತೇವೆ.

ಚಳಿ ದೇಶಗಳಲ್ಲಿ ಮರಗಳು ಎಲೆ ಉದುರಿಸಿ ನಿದ್ದೆಯಲ್ಲಿರುವ ತಿಂಗಳುಗಳಲ್ಲಿ ಸೇಬು, ಗುಲಾಬಿಗಳನ್ನು ಮಣ್ಣಿಲ್ಲದೆ ಬರಿಬೇರಿನಲ್ಲೇ ಮಾರುತ್ತಾರೆ. ಎಲೆ ಇಲ್ಲದ್ದರಿಂದ ನೀರಿನ ಖರ್ಚು ಕಡಿಮೆ, ಬೇರು ತಡೆದುಕೊಳ್ಳುತ್ತದೆ. ಮೈಸೂರಿನಲ್ಲಿ ಅಂಥ ಚಳಿ ಇಲ್ಲ. ಮಾವು, ನೇರಳೆ, ಹೊಂಗೆಯಂಥ ಎಲೆ ತುಂಬಿದ ಸಸಿಯನ್ನು ಬರಿಬೇರಿನಲ್ಲಿ ಯಾರಾದರೂ ಕೊಟ್ಟರೆ, ಎಷ್ಟೇ ಅಗ್ಗವಾದರೂ ಬೇಡ ಎನ್ನಿ. ನಮ್ಮ ಕಡೆ ಈ ರೀತಿ ನಿಜವಾಗಿ ನಡೆಯುವುದು ಕೆಲವು ಗಿಡಗಳಿಗೆ ಮಾತ್ರ. ತೇಗ ಅವುಗಳಲ್ಲಿ ಒಂದು. ಸುಮಾರು ಒಂದು ವರ್ಷದ ಸಸಿಯನ್ನು ಕಿತ್ತು, ಕಾಂಡವನ್ನು ಒಂದೆರಡು ಅಂಗುಲ ಬಿಟ್ಟು ಕತ್ತರಿಸಿ, ಗೇಣುದ್ದ ತಾಯಿಬೇರು ಉಳಿಸಿ ಮಾಡುವ ‘ಸ್ಟಂಪ್’ ನೋಡಲು ಒಣ ಕ್ಯಾರೆಟ್ಟಿನಂತಿರುತ್ತದೆ, ಆದರೆ ಮಳೆ ಬಿದ್ದರೆ ಚಿಗುರುತ್ತದೆ. ಹೆಬ್ಬೆರಳಿನ ದಪ್ಪದ್ದನ್ನು ಆರಿಸಿ, ಪೆನ್ಸಿಲ್‌ನಂತೆ ಸಣಕಲಾದದ್ದು ಬೇಡ.

ಇನ್ನೊಂದು ಹಿಪ್ಪುನೇರಳೆ. ರೇಷ್ಮೆಯ ನೂಲು ತೆಗೆಯುವುದು ರಾಮನಗರ, ಶಿಡ್ಲಘಟ್ಟದ ಎಷ್ಟೋ ಮುಸ್ಲಿಮ್ ಮನೆಗಳ ಅನ್ನ. ಹಳ್ಳಿಯಲ್ಲಿ ಜಮೀನಿರುವವರು ಸೊಪ್ಪಿಗಾಗಿ ಸಸಿ ಕೊಳ್ಳುವುದೂ ಉಂಟು. ಹೆಚ್ಚಾಗಿ ಬೆಳೆಯುವ ವಿ-1 ತಳಿ ಹುಟ್ಟಿದ್ದು ನಮ್ಮ ನೆರೆಯಲ್ಲೇ, ಮಾನಂದವಾಡಿ ರಸ್ತೆಯ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲಿ. ನರ್ಸರಿ ಮಡಿಯಲ್ಲಿ ಮೂರ್ನಾಲ್ಕು ತಿಂಗಳು ಬೆಳೆಸಿದ ಸಸಿಯನ್ನು ಕಿತ್ತು ಕಟ್ಟು ಕಟ್ಟಿ ಕೊಡುತ್ತಾರೆ. ಕಟ್ಟು ಬಿಚ್ಚಿಸಿ ನೋಡಿ. ಮೊದಲು ಕೇಳಬೇಕಾದದ್ದು, ಯಾವಾಗ ಕಿತ್ತದ್ದು? ಅಂದಿನದೇ ಆದರೆ ಒಳ್ಳೆಯದು. ಕಾಂಡವನ್ನು ಉಗುರಿನಿಂದ ತುಸು ಕೆರೆದರೆ ಒಳಗೆ ಹಸಿರಿರಬೇಕು. ಬೇರು ಬಗ್ಗಿಸಿದರೆ ಬಾಗಬೇಕು, ಕಡ್ಡಿಯಂತೆ ಮುರಿಯಬಾರದು. ಹುಳಿವಾಸನೆ ಬಂದರೆ ಕೊಳೆತಿದೆ. ಬೇರಿನ ಮೇಲೆ ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಅದು ಬೇರುಗಂಟು ರೋಗ. ಕಣ್ಣಿಗೆ ಕಾಣದ ಜಂತುಹುಳುಗಳಿಂದ ಬರುವ ಈ ರೋಗವನ್ನು ಒಮ್ಮೆ ಹೊಲಕ್ಕೆ ತಂದರೆ ಓಡಿಸುವುದು ಬಹಳ ಕಷ್ಟ. ಒಂದು ಸಸಿಯಲ್ಲಿ ಕಂಡರೂ ಇಡೀ ಕಟ್ಟನ್ನು ಬಿಟ್ಟುಬನ್ನಿ.

ತರುವಾಗ ಬೇರಿಗೆ ಒದ್ದೆ ಗೋಣಿತಾಟು ಸುತ್ತಿ. ಸ್ಕೂಟರಿನ ಹಿಂದೆ ಗಾಳಿಗೆ ತೂಗಾಡಿಸಿಕೊಂಡು ಬರುವುದು ಬೇಡ. ನೆಡುವ ಮುನ್ನ ಒಂದು ಗಂಟೆ ನೀರಿನಲ್ಲಿಟ್ಟು, ಸಗಣಿ ಮಣ್ಣಿನ ರಾಡಿಯಲ್ಲಿ ಬೇರು ಅದ್ದಿದರೆ ತೇವ ಉಳಿಯುತ್ತದೆ. ಸಗಣಿ ನಜಿಸ್ ಅಲ್ಲವೇ ಎಂದು ಕೇಳುವವರಿದ್ದಾರೆ. ಗೊಬ್ಬರವಾಗಿ ಬಳಸಲು ಅಡ್ಡಿಯಿಲ್ಲ, ಹನಫಿ ಫಿಕ್ಹ್‌ನಲ್ಲಿ ಅದರ ಮಾರಾಟವೂ ಜಾಯಿಝ್. ಕೈ ತೊಳೆದು ನಮಾಝ್‌ಗೆ ಬನ್ನಿ, ಅಷ್ಟೇ.

ನಗರದ ಹೆಚ್ಚಿನವರು ಕೊಳ್ಳುವುದು ಪ್ಲಾಸ್ಟಿಕ್ ಚೀಲದ ಸಸಿ. ಅಲ್ಲಿ ಬೇರು ಕಾಣುವುದಿಲ್ಲ, ಆದ್ದರಿಂದ ಜನ ಎಲೆ ನೋಡಿ ಮರುಳಾಗುತ್ತಾರೆ. ಸಣ್ಣ ಚೀಲದಲ್ಲಿ ಎದೆಯೆತ್ತರದ ಗಿಡವಿದ್ದರೆ ಅದು ಭಾಗ್ಯವಲ್ಲ, ಹೋದ ವರ್ಷ ಮಾರಾಟವಾಗದೆ ಉಳಿದದ್ದು. ಬೇರು ಚೀಲದೊಳಗೆ ಸುತ್ತಿ ಸುತ್ತಿ ಸಿಂಬಿಯಾಗಿರುತ್ತದೆ. ಮುಂದೆ ಮರವಾದ ಮೇಲೂ ಬೇರು ಹರಡದೆ, ಒಂದು ಗಾಳಿಮಳೆಗೆ ಉರುಳುವುದುಂಟು. ಮೊಣಕಾಲೆತ್ತರದ, ಬುಡ ಗಟ್ಟಿಯಾದ ಗಿಡ ಸಾಕು. ನೆಡುವಾಗ ಚೀಲ ಹರಿದು ತೆಗೆಯಿರಿ (ಚೀಲ ಸಮೇತ ಹೂಳುವವರನ್ನು ನಾವು ಕಂಡಿದ್ದೇವೆ), ತಳದಲ್ಲಿ ಸುತ್ತಿದ ಬೇರನ್ನು ಬ್ಲೇಡಿನಿಂದ ಕತ್ತರಿಸಿ. ಕಸಿ ಗಿಡವಾದರೆ ಕಸಿಯ ಗಂಟು ಮಣ್ಣಿನ ಮೇಲೆ ಇರಬೇಕು, ಅದರ ಕೆಳಗಿನಿಂದ ಬರುವ ಚಿಗುರನ್ನು ಕಿತ್ತುಹಾಕಬೇಕು.

ಇಲ್ಲಿ ವ್ಯಾಪಾರದ ಮಾತೂ ಬರುತ್ತದೆ. ಪ್ರವಾದಿ(ಸ)ರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಿತ್ತು. ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಮಾರುವವನನ್ನು ಕೇಳಿದರು, ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಸಸಿಯ ಬೇರು ಆ ರಾಶಿಯ ಒಳಗಿದ್ದಂತೆ. ಬೀಜದಿಂದ ಬಂದ ಮಾವನ್ನು ‘ಕಸಿ ಬಾದಾಮಿ’ ಎಂದು ಮಾರುವುದು, ಕೊಳೆತ ಬೇರಿನ ಮೇಲೆ ಹೊಸ ಮಣ್ಣು ತುಂಬಿ ಕೊಡುವುದು ಎರಡೂ ಮೋಸವೇ. ಮೊದಲನೆಯದು ಇನ್ನೂ ಕ್ರೂರ, ಏಕೆಂದರೆ ಅದು ತಿಳಿಯುವಷ್ಟರಲ್ಲಿ ಕೊಂಡವನ ಐದಾರು ವರ್ಷ ಹೋಗಿರುತ್ತದೆ. ಕೊಳ್ಳುವ ಮುನ್ನವೇ ಇದ್ದ ದೋಷ ಬಳಿಕ ಕಂಡರೆ ವಸ್ತು ಹಿಂದಿರುಗಿಸುವ ಹಕ್ಕನ್ನು ಶರೀಅತ್ ಕೊಟ್ಟಿದೆ. ಆದ್ದರಿಂದ ರಸೀದಿ ಕೇಳಿ, ತಳಿಯ ಹೆಸರು ಬರೆಸಿಕೊಳ್ಳಿ. ಹಾಗೆಂದು ನೀರು ಹಾಕದೆ ಒಣಗಿಸಿ ನರ್ಸರಿಯವನ ಮುಂದೆ ಜಗಳಕ್ಕೆ ನಿಲ್ಲುವುದು ನ್ಯಾಯವಲ್ಲ. ತೋಟಗಾರಿಕೆ ಇಲಾಖೆ, ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಬೆಲೆ ಕಡಿಮೆ. ಜಮೀನಿದ್ದವರಿಗೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯೂ ಇದೆ. ಅಲ್ಲಿ ಸರ್ಕಾರ ಹಣ ಕೊಡುವುದು ನೆಟ್ಟ ಲೆಕ್ಕಕ್ಕಲ್ಲ, ಬದುಕಿ ಉಳಿದ ಗಿಡದ ಲೆಕ್ಕಕ್ಕೆ.

ಮನೆಯ ಮುಂದೆ ಏನು ನೆಡಬೇಕು? 30–40ರ ಸೈಟಿನಲ್ಲಿ ದೊಡ್ಡ ಮರಕ್ಕೆ ಜಾಗವಿಲ್ಲ, ಮೇಲೆ ವಿದ್ಯುತ್ ತಂತಿ ಬೇರೆ. ಕರಿಬೇವು, ನಿಂಬೆ, ಸೀಬೆ, ದಾಳಿಂಬೆ ಸಾಕು. ಕುರ್‌ಆನಿನಲ್ಲಿ ಹೆಸರಿರುವ ದಾಳಿಂಬೆ ಮತ್ತು ಅಂಜೂರ ಎರಡೂ ಬಲಿತ ಕಡ್ಡಿಯಿಂದಲೇ ಬೇರು ಬಿಡುತ್ತವೆ. ನೆಂಟರ ಮನೆಯಲ್ಲಿ ಒಳ್ಳೆಯ ಗಿಡವಿದ್ದರೆ ಹಣವೇ ಬೇಡ. ಬೇಲಿಗೆ ಮದರಂಗಿ ಕಡ್ಡಿ ನೆಟ್ಟರೆ ಈದ್‌ಗೆ ಮಕ್ಕಳ ಕೈಗೂ ಆಯಿತು.

ಮಸೀದಿ ಮತ್ತು ಕಬರಸ್ತಾನದ ವಿಷಯ ಬೇರೆ. ಅದು ವಕ್ಫ್ ಜಾಗ, ಕಮಿಟಿಯ ಅನುಮತಿ ಇಲ್ಲದೆ ಯಾರೂ ನೆಡಬಾರದು, ಕಡಿಯಲೂಬಾರದು. ನಗರದಲ್ಲಿ ಮರ ಕಡಿಯಲು 1976ರ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿಯೂ ಬೇಕು. ಬೇವು, ಹೊಂಗೆಗಳನ್ನು ಕಬರ್‌ಗಳ ನಡುವೆ ಅಲ್ಲ, ಕಾಂಪೌಂಡಿನ ಉದ್ದಕ್ಕೆ ನೆಡಿ, ಗೋಡೆಗೂ ಕೆಲವು ಅಡಿ ಅಂತರವಿರಲಿ. ಹಣ್ಣಿನ ಮರವಾದರೆ ಮಾರಿದ ಹಣ ಕಬರಸ್ತಾನದ ಲೆಕ್ಕಕ್ಕೇ ಹೋಗಬೇಕು. ಚಂದಾ ಎತ್ತಿ 100 ಸಸಿ ತರುವುದಕ್ಕಿಂತ, ಜನವರಿಯಿಂದ ಮೇ ವರೆಗೆ ನೀರು ಹಾಕುವವರ ಹೆಸರು ಮೊದಲೇ ಬರೆದು 20 ತರುವುದು ನಮಗೆ ಸರಿ ಕಾಣುತ್ತದೆ. ವಝೂಖಾನೆಯ ನೀರು ಈಗ ಚರಂಡಿಗೆ ಹೋಗುತ್ತಿದೆ. ಸೋಪಿನ ನೀರು ಬೆರೆಯದಂತೆ ಒಂದು ಪೈಪು ಬೇರೆ ಮಾಡಿದರೆ ಮಸೀದಿಯ ಅಂಗಳದ ಗಿಡಗಳಿಗೆ ದಿನಕ್ಕೆ ಐದು ಹೊತ್ತು ನೀರು ಸಿಗುತ್ತದೆ. ಈ ಬಗ್ಗೆ ಪ್ಲಂಬರ್ ಕೆಲಸ ಬಲ್ಲ ಸಹೋದರರು ಅಸರ್ ನಂತರ ಕಮಿಟಿಯವರನ್ನು ಕಾಣಬಹುದು.