ಮನೆಯ ನೆಲಮಾಳಿಗೆಯಲ್ಲಿ ದೊಡ್ಡ ಮೀನುತೊಟ್ಟಿ

ಅಲಂಕಾರದ ಮೀನು ಸಾಕುವ ಹವ್ಯಾಸ ಈಗ ಪಟ್ಟಣಗಳಿಗಷ್ಟೇ ಸೀಮಿತವಾಗಿಲ್ಲ. ಇಳಿಜಾರಿನಲ್ಲಿ ಕಟ್ಟಿದ ಮಲೆನಾಡಿನ ಮನೆಗಳಲ್ಲಿ ನೆಲಮಾಳಿಗೆಯೋ ಕೆಳ ಅಂತಸ್ತೋ ಇರುವುದುಂಟು. ಅಲ್ಲಿ ಎರಡು ಮೂರು ಸಾವಿರ ಲೀಟರಿನ ಗಾಜಿನ ಮುಖದ ತೊಟ್ಟಿಯನ್ನು ಸ್ವತಃ ಕಟ್ಟಿಸಿಕೊಳ್ಳಬಹುದು. ಆದರೆ ಇದು ಮೇಜಿನ ಮೇಲಿಡುವ ಗಾಜಿನ ಪೆಟ್ಟಿಗೆಯಂತಲ್ಲ. ಲೆಕ್ಕ ತಪ್ಪಿದರೆ ಮೀನಿನ ಜೊತೆಗೆ ಮನೆಗೂ ಮನೆಯವರಿಗೂ ಅಪಾಯ ತಪ್ಪಿದ್ದಲ್ಲ.

ಭಾರದ ಲೆಕ್ಕ

ಒಂದು ಘನ ಮೀಟರ್ ನೀರು ಎಂದರೆ 1,000 ಲೀಟರ್. ಅದರ ತೂಕ ಒಂದು ಟನ್. 3 ಮೀಟರ್ ಉದ್ದ, 1.2 ಮೀಟರ್ ಅಗಲದ ತೊಟ್ಟಿಯಲ್ಲಿ 75 ಸೆಂ.ಮೀ. ನೀರು ನಿಲ್ಲಿಸಿದರೆ 2,700 ಲೀಟರ್ ಆಗುತ್ತದೆ. 15 ಸೆಂ.ಮೀ. ದಪ್ಪದ ಕಾಂಕ್ರೀಟ್ ಗೋಡೆ ಮತ್ತು ತಳವನ್ನು ಸೇರಿಸಿದರೆ ಒಟ್ಟು ಭಾರ ಏಳು ಟನ್ ದಾಟುತ್ತದೆ. ವಾಸದ ಮನೆಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಈ ತೊಟ್ಟಿ ಅದರ ಏಳು ಪಟ್ಟು ಭಾರ ಹೇರುತ್ತದೆ. ಆದ್ದರಿಂದ ಇಂಥ ತೊಟ್ಟಿಗೆ ಗಟ್ಟಿ ನೆಲದ ಮೇಲಿನ ಅತ್ಯಂತ ಕೆಳಗಿನ ಅಂತಸ್ತೇ ಸೂಕ್ತ. ಮಣ್ಣು ತುಂಬಿ ಎತ್ತರಿಸಿದ ಜಾಗವಾದರೆ ಅದು ಕುಸಿಯದಂತೆ ಮೊದಲು ಭದ್ರಪಡಿಸಬೇಕು.

ನೀರಿನ ಒತ್ತಡ ತೊಟ್ಟಿಯ ಆಳವನ್ನು ಅವಲಂಬಿಸಿದೆ. ಮೇಲೆ ಹೇಳಿದ ತೊಟ್ಟಿಯ ಉದ್ದನೆಯ ಗೋಡೆಯನ್ನು ನೀರು ಸುಮಾರು 840 ಕಿಲೋ ಬಲದಿಂದ ಹೊರಕ್ಕೆ ತಳ್ಳುತ್ತದೆ. ಆಳವನ್ನು ಎರಡರಷ್ಟು ಮಾಡಿದರೆ ಈ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಹೆಚ್ಚು ನೀರು ಬೇಕೆನಿಸಿದರೆ ಉದ್ದ ಅಗಲಗಳನ್ನು ಹೆಚ್ಚಿಸಿ, ಆಳವನ್ನು ಹೆಚ್ಚಿಸಬೇಡಿ.

ಕಟ್ಟುವ ಕ್ರಮ

ಚಳಿ ದೇಶಗಳ ಹವ್ಯಾಸಿಗಳು ನೆಲಮಾಳಿಗೆಯಲ್ಲಿ ಪ್ಲೈವುಡ್ ಹಲಗೆಗೆ ಎಪಾಕ್ಸಿ ಬಳಿದು ತೊಟ್ಟಿ ಮಾಡುವುದುಂಟು. ನಮ್ಮಲ್ಲಿ ಗೆದ್ದಲು ಮತ್ತು ಮಳೆಗಾಲದ ತೇವದ ಕಾಟವಿರುವುದರಿಂದ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟೇ ಒಳ್ಳೆಯದು. ಸಿಮೆಂಟ್, ಮರಳು, ಜಲ್ಲಿಗಳನ್ನು 1:1.5:3 ಪ್ರಮಾಣದಲ್ಲಿ ಬೆರೆಸಿ ತಳ ಮತ್ತು ಗೋಡೆಗಳನ್ನು ಒಂದಕ್ಕೊಂದು ಬೆಸೆದುಕೊಳ್ಳುವಂತೆ ಕಟ್ಟಬೇಕು. ಸರಳಿನ ಗಾತ್ರ ಮತ್ತು ಅಂತರವನ್ನು ಎಂಜಿನಿಯರರಿಂದ ಗೊತ್ತುಮಾಡಿಸಿಕೊಳ್ಳಿ. ಎರಡು ವಾರ ನೀರುಣಿಸಿ ಹದಗೊಳಿಸಬೇಕು.

ಗಾಜಿನ ಕಿಂಡಿ 1.5 ಮೀಟರ್ ಉದ್ದ, 55 ಸೆಂ.ಮೀ. ಎತ್ತರವಿದ್ದರೆ ಸಾಕು. ಅದಕ್ಕೆ 19 ಮಿ.ಮೀ. ದಪ್ಪದ ಗಾಜು ಬೇಕು. ಗಾಜು ಕಿಂಡಿಗಿಂತ ಪ್ರತಿ ಬದಿಯಲ್ಲೂ 6 ಸೆಂ.ಮೀ. ದೊಡ್ಡದಾಗಿರಲಿ. ಅದನ್ನು ತೊಟ್ಟಿಯ ಒಳಬದಿಯಿಂದಲೇ ಕೂಡಿಸಬೇಕು. ಆಗ ನೀರಿನ ಒತ್ತಡ ಗಾಜನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಹೊರಬದಿಯಿಂದ ಕೂಡಿಸಿದರೆ ಇಡೀ ಭಾರ ಅಂಟಿನ ಮೇಲೆ ಬೀಳುತ್ತದೆ.

ಗಾಜು ಕೂರುವ ಅಂಚನ್ನು ನಯವಾಗಿ ಗಾರೆ ಮಾಡಿ, ಒಣಗಿಸಿ, ಎಪಾಕ್ಸಿ ಬಣ್ಣ ಬಳಿಯಬೇಕು. ನಂತರ ಬೂಷ್ಟುನಾಶಕ ಸೇರದ ಸಿಲಿಕೋನ್ ಅಂಟು ಹಚ್ಚಿ ಗಾಜು ಕೂಡಿಸಬೇಕು. ಈ ಗಾಜಿನ ತೂಕ 50 ಕಿಲೋ ಮೀರುವುದರಿಂದ ನಾಲ್ಕು ಜನ ಇಲ್ಲದೆ ಕೆಲಸಕ್ಕೆ ಕೈ ಹಾಕಬಾರದು. ಅಂಟು ಪೂರ್ತಿ ಗಟ್ಟಿಯಾಗಲು ಎರಡು ವಾರ ಬಿಡಿ. ಆಮೇಲೆ ದಿನಕ್ಕೆ ಮೂರನೆಯ ಒಂದು ಭಾಗದಂತೆ ನೀರು ತುಂಬುತ್ತ, ಸೋರಿಕೆ ಇದೆಯೇ ಎಂದು ಪರೀಕ್ಷಿಸಿ.

ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ಬಿಟ್ಟುಕೊಂಡು ನೀರು ಕ್ಷಾರವಾಗುತ್ತದೆ. ಬಾಳೆದಿಂಡಿನ ತುಂಡುಗಳನ್ನು ನೀರಿನಲ್ಲಿ ನೆನೆಹಾಕಿ, ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ವಾರ ತೊಳೆಯಬೇಕು. ರಸಸಾರ 8.5ಕ್ಕಿಂತ ಕೆಳಗಿಳಿದ ಮೇಲೆಯೇ ತೊಟ್ಟಿ ಮೀನಿಗೆ ಯೋಗ್ಯ.

ನೀರು ಶುದ್ಧವಾಗುವ ಬಗೆ

ಹೊಲಕ್ಕೆ ಹಾಕಿದ ಯೂರಿಯಾ ಅಮೋನಿಯಾ ಆಗಿ, ಬಳಿಕ ಮಣ್ಣಿನ ಬ್ಯಾಕ್ಟೀರಿಯಾಗಳಿಂದ ನೈಟ್ರೈಟ್ ಮತ್ತು ನೈಟ್ರೇಟ್ ಆಗುವುದನ್ನು ರೈತ ಬಾಂಧವರು ಬಲ್ಲರು. ತೊಟ್ಟಿಯಲ್ಲಿ ನಡೆಯುವುದೂ ಇದೇ. ಮೀನು ಹೊರಬಿಡುವ ಅಮೋನಿಯಾ ಮೀನಿಗೇ ವಿಷ. ನೈಟ್ರೈಟ್ ಕೂಡ ಹಾಗೆಯೇ. ಇವೆರಡನ್ನೂ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳಿಗೆ ನೆಲೆ ಒದಗಿಸುವುದೇ ಶೋಧಕದ ಮುಖ್ಯ ಕೆಲಸ.

200 ಲೀಟರಿನ ಹೊಸ ಪೀಪಾಯಿಯಲ್ಲಿ ಮೇಲೆ ಸ್ಪಂಜು, ಕೆಳಗೆ ಇಟ್ಟಿಗೆ ಚೂರು ಅಥವಾ ಜಲ್ಲಿ ತುಂಬಿ, ತೊಟ್ಟಿಗಿಂತ ಎತ್ತರದಲ್ಲಿ ಭದ್ರವಾದ ಕಟ್ಟೆಯ ಮೇಲೆ ಇಡಿ. ಪಂಪು ನೀರನ್ನು ಮೇಲಕ್ಕೆ ಕಳಿಸಿದರೆ ಅದು ಸೋಸಿ ತಾನಾಗಿ ಕೆಳಗಿಳಿಯುತ್ತದೆ. ಗಂಟೆಗೆ ತೊಟ್ಟಿಯಷ್ಟು ನೀರು ಒಮ್ಮೆಯಾದರೂ ಇದರ ಮೂಲಕ ಹಾಯಬೇಕು. ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು 4ರಿಂದ 6 ವಾರ ಹಿಡಿಯುತ್ತದೆ. ಮೊದಲು ನಾಲ್ಕಾರು ಮೀನು ಮಾತ್ರ ಬಿಟ್ಟು ಕ್ರಮೇಣ ಹೆಚ್ಚಿಸಬೇಕು. ಒಂದೇ ದಿನ ನೂರು ಮೀನು ಬಿಟ್ಟವರು ವಾರದೊಳಗೆ ಸತ್ತ ಮೀನು ಎತ್ತಬೇಕಾದೀತು.

ವಾರಕ್ಕೊಮ್ಮೆ ಐದನೆಯ ಒಂದು ಭಾಗ ನೀರು ಬದಲಿಸಿ. ತೆಗೆದ ನೀರಿನಲ್ಲಿ ಸಾರಜನಕ ಇರುವುದರಿಂದ ಕೈತೋಟಕ್ಕೆ ಉಪಯುಕ್ತ. ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡನ್ನೂ ಒಂದೆರಡು ದಿನ ಗಾಳಿಯಾಡಿಸಿಯೇ ತುಂಬಬೇಕು.

ಮುನ್ನೆಚ್ಚರಿಕೆಗಳು

ಕೀಟನಾಶಕ, ಸಿಂಪರಣಾ ಯಂತ್ರಗಳನ್ನು ನೆಲಮಾಳಿಗೆಯಲ್ಲಿ ಇಡುವ ಪದ್ಧತಿಯಿದ್ದರೆ ಮೊದಲು ಅವನ್ನು ಬೇರೆಡೆಗೆ ಸಾಗಿಸಿ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂಥ ಔಷಧಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನುಗಳನ್ನು ಕೊಲ್ಲುತ್ತವೆ. ಔಷಧದ ಡಬ್ಬಿ, ಬಕೆಟ್ಟುಗಳನ್ನು ಎಷ್ಟು ತೊಳೆದರೂ ತೊಟ್ಟಿಗೆ ಬಳಸಕೂಡದು.

ಒದ್ದೆ ನೆಲದಲ್ಲಿ ವಿದ್ಯುತ್ ಬಲು ಅಪಾಯಕಾರಿ. ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಸೋರಿಕೆ ತಡೆ ಸ್ವಿಚ್ಚು ಕಡ್ಡಾಯ. ಪಂಪು ನಿಲ್ಲಿಸದೆ ನೀರಿಗೆ ಕೈ ಹಾಕಬಾರದು. ವಿದ್ಯುತ್ ಹೋದಾಗ ನಡೆಯುವಂತೆ ಬ್ಯಾಟರಿಯ ಗಾಳಿಪಂಪೊಂದು ಇರಲಿ. ತಗ್ಗಿನ ಮಾಳಿಗೆಯಿಂದ ನೀರು ತಾನಾಗಿ ಹೊರಹರಿಯದು. ಬಸಿಗುಂಡಿ ಮತ್ತು ಪಂಪಿನ ವ್ಯವಸ್ಥೆ ಮೊದಲೇ ಆಗಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ತೊಟ್ಟಿಯ ಮೇಲೆ ಗಟ್ಟಿ ಜಾಲರಿ ಮುಚ್ಚಿರಬೇಕು.

ಬೇಡವಾದ ಮೀನನ್ನು ಕೆರೆಗೆ, ಹೊಳೆಗೆ ಬಿಡಬೇಡಿ. ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆಂದು ಬಂದ ಸಕ್ಕರ್ ಮೀನು ಹೀಗೆಯೇ ನಮ್ಮ ದೇಶದ ಜಲಾಶಯಗಳನ್ನು ಸೇರಿ ನಾಡಮೀನುಗಳಿಗೆ ಕಂಟಕವಾಗಿದೆ.

ಗೋಲ್ಡ್ ಫಿಶ್, ಕೋಯಿ, ಗೌರಾಮಿ ಮೊದಲಾದವು ಹೊಸಬರಿಗೆ ತಕ್ಕವು. ತಳಿಗಳ ಆಯ್ಕೆ, ರೋಗಗಳ ವಿಷಯದಲ್ಲಿ 1969ರಲ್ಲಿ ಸ್ಥಾಪನೆಯಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಅಥವಾ ತಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಸಲಹೆ ಪಡೆಯಬಹುದು. ಗುಂಡಿ ತೋಡಿದ ದಿನದಿಂದ ಮೊದಲ ಮೀನು ಬಿಡುವವರೆಗೆ ಎರಡು ಮೂರು ತಿಂಗಳು ಬೇಕಾಗುತ್ತದೆ. ಅಷ್ಟು ಕಾಯುವ ತಾಳ್ಮೆಯಿದ್ದವರಷ್ಟೇ ಈ ಕೆಲಸಕ್ಕೆ ತೊಡಗುವುದು ಲೇಸು.