ಸಾರುವ ಬಾಯಿ, ಆಲಿಸುವ ಕಿವಿ

ರೇಡಿಯೋ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಒಂದೇ. ಒಂದು ಕಡೆ ನುಡಿಯುವ ನಿಲಯ. ಇನ್ನೊಂದು ಕಡೆ ಕೇಳುವ ಸಾವಿರಾರು ಮನೆಗಳು. ೧೯೩೫ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಆರಂಭಿಸಿದಾಗಲೂ ವ್ಯವಸ್ಥೆ ಇದೇ ಆಗಿತ್ತು. ನಿಲಯಕ್ಕೆ ಕಿವಿ ಬೇಡ, ಪೆಟ್ಟಿಗೆಗೆ ಬಾಯಿ ಬೇಡ. ಆದರೆ ಇಂದು ನಮ್ಮ ಜೇಬಿನಲ್ಲಿರುವ ಫೋನು ಈ ವಿಭಜನೆಯನ್ನು ಒಪ್ಪುವುದಿಲ್ಲ. ಅದು ‘ನಾನಿಲ್ಲಿದ್ದೇನೆ’ ಎಂದು ಸಾರುತ್ತಲೂ ಇರಬೇಕು, ‘ಇಲ್ಲಿ ಬೇರೆ ಯಾರಿದ್ದಾರೆ’ ಎಂದು ಆಲಿಸುತ್ತಲೂ ಇರಬೇಕು. ಈ ಎರಡು ಕೆಲಸಗಳು ಒಂದೇ ಯಂತ್ರದಲ್ಲಿ ಹೇಗೆ ಕೂಡಿ ಬಾಳುತ್ತವೆ ಎಂಬುದೇ ಇಂದಿನ ವಿಚಾರ.

ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆಯೊಬ್ಬನ ಅಡ್ಡಹೆಸರನ್ನು ಹೊತ್ತ ಬ್ಲೂಟೂತ್ ಎಂಬ ನಿಸ್ತಂತು ವಿಧಾನವನ್ನು ಓದುಗರು ಬಲ್ಲರು. ಅದರ ಮಿತಶಕ್ತಿಯ ರೂಪ ೨೦೧೦ರಲ್ಲಿ ಪ್ರಮಾಣಿತವಾಯಿತು. ಗುಂಡಿಯಷ್ಟು ಚಿಕ್ಕ ಬ್ಯಾಟರಿಯಿಂದ ತಿಂಗಳುಗಟ್ಟಲೆ ನಡೆಯಬಲ್ಲದು ಇದು. ಅದರ ಗುಟ್ಟು ನಿದ್ರೆಯಲ್ಲಿದೆ: ಹೆಚ್ಚು ಹೊತ್ತು ಮಲಗಿರುವುದು, ಕ್ಷಣಮಾತ್ರ ಎದ್ದು ಕೆಲಸ ಮುಗಿಸುವುದು. ಇಲ್ಲಿ ‘ಅಡ್ವರ್ಟೈಸಿಂಗ್’ ಎಂಬ ಮಾತಿಗೆ ಜಾಹೀರಾತು ಎಂಬ ಅರ್ಥ ಹೊಂದದು. ಡಂಗುರ ಸಾರುವುದು ಎಂದರೆ ಸರಿಯಾದೀತು. ‘ಸ್ಕ್ಯಾನಿಂಗ್’ ಎಂದರೆ ಆ ಡಂಗುರಕ್ಕೆ ಕಿವಿಗೊಡುವುದು.

ಈ ವಿಧಾನಕ್ಕೆ ಒಟ್ಟು ೪೦ ವಾಹಿನಿಗಳುಂಟು. ಅವುಗಳಲ್ಲಿ ಮೂರು, ಅಂದರೆ ೨೪೦೨, ೨೪೨೬ ಮತ್ತು ೨೪೮೦ ಮೆಗಾಹರ್ಟ್ಸ್‌ಗಳಲ್ಲಿರುವವು, ಡಂಗುರಕ್ಕೆಂದು ಮೀಸಲು. ಸಾರುವ ಯಂತ್ರ ತನ್ನ ಚಿಕ್ಕ ಸಂದೇಶವನ್ನು ಸಾಮಾನ್ಯವಾಗಿ ಈ ಮೂರರಲ್ಲೂ ಒಂದಾದ ಮೇಲೊಂದರಂತೆ ಕೂಗಿ ಸುಮ್ಮನಾಗುತ್ತದೆ. ಮೂಲ ವಿಧಾನದಲ್ಲಿ ಸಂದೇಶದ ಒಡಲು ಹೆಚ್ಚೆಂದರೆ ೩೧ ಬೈಟ್. ಅದನ್ನು ಒಮ್ಮೆ ಕೂಗಲು ಒಂದು ಮಿಲಿಸೆಕೆಂಡಿನ ಅರ್ಧವೂ ಹಿಡಿಯದು. ಮತ್ತೆ ಕೂಗುವ ಮುನ್ನ ಕಾಯಬೇಕಾದ ಅವಧಿಯನ್ನು ೨೦ ಮಿಲಿಸೆಕೆಂಡಿನಿಂದ ಹತ್ತು ಸೆಕೆಂಡಿನವರೆಗೆ ಗೊತ್ತುಮಾಡಬಹುದು. ಅದರ ಮೇಲೆ ಪ್ರತಿ ಸಲವೂ ೧೦ ಮಿಲಿಸೆಕೆಂಡಿನವರೆಗೆ ಮನಬಂದಷ್ಟು ತಡ ಸೇರುತ್ತದೆ. ಇದಕ್ಕೆ ಕಾರಣವಿದೆ. ಜಾತ್ರೆಯಲ್ಲಿ ಇಬ್ಬರು ಒಂದೇ ಲಯದಲ್ಲಿ, ಒಂದೇ ಕ್ಷಣದಲ್ಲಿ ಕೂಗತೊಡಗಿದರೆ ಯಾರ ಮಾತೂ ಎಂದಿಗೂ ತಿಳಿಯದು. ಲಯ ಸ್ವಲ್ಪ ತಪ್ಪಿದರೆ ಇಬ್ಬರ ದನಿಯೂ ಬಿಡಿಬಿಡಿಯಾಗಿ ಕೇಳುತ್ತದೆ.

ಆಲಿಸುವವನ ಲೆಕ್ಕ ಬೇರೆ. ಅವನಿಗೆ ಎರಡು ಅಳತೆಗಳು: ಎಷ್ಟು ಹೊತ್ತಿಗೊಮ್ಮೆ ಕಿವಿ ತೆರೆಯಬೇಕು, ತೆರೆದಾಗ ಎಷ್ಟು ಹೊತ್ತು ತೆರೆದಿರಬೇಕು. ಕೂಗು ಯಾವಾಗ ಬಂದೀತೆಂದು ಅವನಿಗೆ ಗೊತ್ತಿಲ್ಲ. ಆದುದರಿಂದ ಕಿವಿ ತೆರೆದಷ್ಟು ಹೊತ್ತೂ ಶಕ್ತಿ ವ್ಯಯವಾಗುತ್ತಲೇ ಇರುತ್ತದೆ. ಈ ಲೋಕದಲ್ಲಿ ಮಾತು ಅಗ್ಗ, ಆಲಿಸುವುದೇ ದುಬಾರಿ.

ಇನ್ನು ಎರಡೂ ಒಟ್ಟಿಗೆ ಬೇಕೆಂದಾಗ ತೊಡಕು ತೋರುತ್ತದೆ. ಚಿಪ್ಪಿನಲ್ಲಿರುವುದು ಸಾಮಾನ್ಯವಾಗಿ ಒಂದೇ ರೇಡಿಯೋ. ತಾನು ಕೂಗುತ್ತಿರುವಾಗ ಅದು ಪರರ ಪಿಸುದನಿಯನ್ನು ಕೇಳಲಾರದು. ಹಾಗಾಗಿ ‘ಏಕಕಾಲದಲ್ಲಿ’ ಎಂಬುದು ನೋಡುವವರ ಭ್ರಮೆ. ಅಷ್ಟಾವಧಾನಿಯನ್ನು ನೆನೆಯಿರಿ. ಸಮಸ್ಯೆಯ ಪೂರಣ, ಗಂಟೆಯ ಎಣಿಕೆ, ಅಪ್ರಸ್ತುತ ಪ್ರಸಂಗಿಗೆ ಉತ್ತರ, ಎಲ್ಲವನ್ನೂ ಒಮ್ಮೆಗೇ ಮಾಡುತ್ತಿರುವಂತೆ ಸಭೆಗೆ ಕಾಣುತ್ತದೆ. ಆದರೆ ಅವಧಾನಿಯ ಬಾಯಿ ಒಂದೇ. ಸರದಿಯಂತೆ ಒಂದರಿಂದ ಇನ್ನೊಂದಕ್ಕೆ ಹಾಯುತ್ತಾನೆ, ಯಾವುದನ್ನೂ ಮರೆಯುವುದಿಲ್ಲ. ಚಿಪ್ಪಿನೊಳಗಿನ ವೇಳಾಪಾಲಕ ಮಾಡುವುದೂ ಇದನ್ನೇ.

ಆ ಚಿಪ್ಪಿಗೆ ಮೇಲಿನಿಂದ ಅಪ್ಪಣೆ ಕೊಡುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಅದರ ವಿವೇಕ ಮೂರು ಕಡೆ ಪರೀಕ್ಷೆಗೊಳಗಾಗುತ್ತದೆ. ಮೊದಲನೆಯದು, ಈ ಎರಡು ಕೆಲಸಗಳನ್ನು ಕೂಡಿ ಮಾಡಬಲ್ಲೆಯಾ ಎಂದು ಚಿಪ್ಪನ್ನೇ ಕೇಳಿಕೊಳ್ಳುವುದು. ಹಾಗೆ ಕೇಳಲೆಂದೇ ಒಂದು ಅಪ್ಪಣೆ ಉಂಟು. ಎರಡನೆಯದು, ಆಲಿಸಲು ಇಡೀ ಕಾಲವನ್ನು ಬೇಡದಿರುವುದು. ನೂರಕ್ಕೆ ನೂರು ಭಾಗವನ್ನೂ ಕಿವಿಗೇ ಕೊಡು ಎಂದರೆ ಬಾಯಿಗೆ ಎಡೆಯೆಲ್ಲಿ? ಬಿಡುವು ಉಳಿಸಿದರೆ ವೇಳಾಪಾಲಕನಿಗೆ ಹಾದಿ ಸಿಕ್ಕುತ್ತದೆ. ಮೂರನೆಯದು ಅತಿ ಸೂಕ್ಷ್ಮ. ಯಾರೂ ಬೆನ್ನು ಹತ್ತದಿರಲೆಂದು ಈ ಯಂತ್ರಗಳು ಆಗಾಗ ತಮ್ಮ ವಿಳಾಸವನ್ನು ಬದಲಿಸುತ್ತವೆ. ಮೂಲ ವಿಧಾನದಲ್ಲಿ, ಸಾರುತ್ತಿರುವಾಗಲಾಗಲಿ ಆಲಿಸುತ್ತಿರುವಾಗಲಾಗಲಿ ಅದನ್ನು ಬದಲಿಸಹೊರಟರೆ ಚಿಪ್ಪು ನಿರಾಕರಿಸುತ್ತದೆ. ಎರಡನ್ನೂ ನಿಲ್ಲಿಸಬೇಕು, ವೇಷ ಬದಲಿಸಬೇಕು, ಮೊದಲು ಯಾವುದು ನಡೆಯುತ್ತಿತ್ತೆಂದು ನೆನಪಿಟ್ಟು ಮತ್ತೆ ಆರಂಭಿಸಬೇಕು. ಒಂದನ್ನು ಆರಂಭಿಸಲು ಮರೆತರೆ ಯಂತ್ರ ಕಿವುಡಾಗುತ್ತದೆ, ಇಲ್ಲವೆ ಮೂಕವಾಗುತ್ತದೆ. ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ೨೦೧೬ರ ಬ್ಲೂಟೂತ್ ೫ರಲ್ಲಿ ಪ್ರತಿಯೊಂದು ಡಂಗುರಕ್ಕೂ ತನ್ನದೇ ವಿಳಾಸವಿರಬಹುದೆಂದು ಮಾಡಿದುದರಿಂದ ಈ ಕಷ್ಟ ತಕ್ಕಮಟ್ಟಿಗೆ ಹಗುರಾಯಿತು.

ಇದೆಲ್ಲ ಯಂತ್ರಜ್ಞರ ಪಾಡು, ನಮಗೇನು ಎನ್ನುವಂತಿಲ್ಲ. ೨೦೨೦ರ ಕೊರೋನಾ ಕಾಲವನ್ನು ನೆನೆದರೆ ಸಾಕು. ಸೋಂಕಿತನ ಬಳಿ ಯಾರು ಇದ್ದರೆಂದು ತಿಳಿಯಲು ಮಾರ್ಚಿಯಲ್ಲಿ ಸಿಂಗಪುರದ ಟ್ರೇಸ್‌ಟುಗೆದರ್, ಏಪ್ರಿಲಿನಲ್ಲಿ ನಮ್ಮ ಆರೋಗ್ಯ ಸೇತು ಈ ಬ್ಲೂಟೂತನ್ನೇ ನೆಚ್ಚಿದವು. ಇಬ್ಬರು ಅಪರಿಚಿತರು ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತಾಗ ಇಬ್ಬರ ಫೋನುಗಳೂ ಸಾರಬೇಕು, ಇಬ್ಬರವೂ ಆಲಿಸಬೇಕು. ಆದರೆ ಐಫೋನು, ಪರದೆಯ ಹಿಂದೆ ಸರಿದ ತಂತ್ರಾಂಶ ಸಾರುವುದಕ್ಕೆ ಕಟ್ಟುಪಾಡು ಹಾಕಿತ್ತು. ಆದುದರಿಂದ ಸಿಂಗಪುರದಲ್ಲಿ ಐಫೋನು ಇದ್ದವರು ಆ ತಂತ್ರಾಂಶವನ್ನು ಪರದೆಯ ಮೇಲೆ ತೆರೆದೇ ಇಟ್ಟುಕೊಳ್ಳಬೇಕಾಯಿತು. ಜೇಬಿಗೆ ಸೇರಿದ ಎರಡು ಫೋನುಗಳು ಮೊಳದಂತರದಲ್ಲಿದ್ದೂ ಒಂದನ್ನೊಂದು ಅರಿಯದೆ ಹೋಗಬಹುದಿತ್ತು.

ಆ ಮೇ ತಿಂಗಳಲ್ಲಿ ಆಪಲ್ ಮತ್ತು ಗೂಗಲ್ ಸಂಸ್ಥೆಗಳು ಕೂಡಿ ಈ ಹೊಣೆಯನ್ನು ಫೋನಿನ ಮೂಲ ವ್ಯವಸ್ಥೆಯೊಳಕ್ಕೇ ಇಳಿಸಿದವು. ಅವರು ಸೂಚಿಸಿದ ಅಳತೆ ಅರ್ಥಪೂರ್ಣವಾದುದು: ೨೦೦ರಿಂದ ೨೭೦ ಮಿಲಿಸೆಕೆಂಡಿಗೊಮ್ಮೆ ಸಾರುವುದು, ಸಮೀಪದ ದನಿಯನ್ನು ಐದು ನಿಮಿಷದೊಳಗೆ ಗುರುತಿಸುವಷ್ಟು ಆಲಿಸುವುದು. ಅಗ್ಗದ ಮಾತು ಪದೇಪದೇ, ದುಬಾರಿಯಾದ ಆಲಿಕೆ ಮಿತವಾಗಿ. ಸೆಕೆಂಡಿಗೆ ನಾಲ್ಕು ಸಲ ಸಾರುವವನನ್ನು ಹಿಡಿಯಲು ಕೆಲವೇ ಸೆಕೆಂಡುಗಳ ಕಿವಿ ಸಾಕು. ಜೊತೆಗೆ, ವಿಳಾಸವೂ ಸಾರುವ ಗುರುತೂ ಒಂದೇ ಕ್ಷಣದಲ್ಲಿ ಬದಲಾಗಬೇಕೆಂದು ವಿಧಿಸಿದರು. ಒಂದು ಮೊದಲು ಒಂದು ಆಮೇಲೆ ಬದಲಾದರೆ, ಉಳಿದ ಹಳೆಯದು ಹೊಸದರ ಗುಟ್ಟನ್ನು ಬಿಟ್ಟುಕೊಡುತ್ತದೆ.

ಕಾಯಿಲೆಯ ಭಯವೂ, ಯಾರೋ ಹಿಂಬಾಲಿಸುವ ಭಯವೂ ಮನುಷ್ಯನನ್ನು ಕಾಡಿದ ಆ ದಿನಗಳಲ್ಲಿ, ಎರಡಕ್ಕೂ ಆಸರೆಯಾದುದು ಮಿಲಿಸೆಕೆಂಡುಗಳ ಈ ಹಂಚಿಕೆ. ತನ್ನ ದನಿಯ ನಡುವೆ ಪರರ ದನಿಗೆ ಎಡೆಗೊಡುವ ಈ ಮರ್ಯಾದೆ ಯಂತ್ರಕ್ಕೆ ತಾನಾಗಿ ಬಂದುದಲ್ಲ. ಡ್ರೈವರನ್ನು ಬರೆದವನು ಎಚ್ಚರದಿಂದ ಅದರೊಳಗೆ ಇಟ್ಟುದು.